ಹುರುಳಿ ಮೇಲೆ ಬ್ರೇಕ್ ಹಾಕಬಾರದು

ನನಗೆ ರಜೆ ಅಂತ ಸಿಗುವುದು ಭಾನುವಾರ ಒಂದೇ. ಬೆಂಗಳೂರಿನ ಪೀಣ್ಯದಲ್ಲಿ, ಲೋಹ ಕಡೆಯುವ ಲೇತ್ ಯಂತ್ರದ ಮೇಲೆ ಕೆಲಸ. ಹಾಗಾಗಿ ಲಡಾಖು, ಸ್ಪಿತಿ ಎಲ್ಲ ನನ್ನ ಹಣೆಯಲ್ಲಿ ಬರೆದದ್ದಲ್ಲ. ನಸುಕಿನ ಐದಕ್ಕೆ ಲಗ್ಗೆರೆ ಬಿಟ್ಟರೆ ಸಂಜೆ ದೀಪ ಹಚ್ಚುವ ಹೊತ್ತಿಗೆ ಮನೆ ಸೇರಬೇಕು. ಆ ನಡುವೆ ಎಷ್ಟು ಹಳೇ ಊರು ಮುಟ್ಟಬಹುದೋ ಅಷ್ಟೇ ನನ್ನ ಸರಹದ್ದು. ಹಳೇ ಗುಡಿ, ಶಾಸನ ನೋಡುತ್ತ ಹದಿನಾಲ್ಕು ವರ್ಷದಿಂದ ಬೈಕಿನಲ್ಲಿ ಹೀಗೇ ಸುತ್ತುತ್ತಿದ್ದೇನೆ, ಸರಹದ್ದೇ ಇನ್ನೂ ಮುಗಿದಿಲ್ಲ.

ಬೈಕು 2009ರ ಸ್ಪ್ಲೆಂಡರ್. ಸಿಗ್ನಲ್ಲಿನಲ್ಲಿ ಪಕ್ಕಕ್ಕೆ ಬಂದು ನಿಲ್ಲುವ ದೊಡ್ಡ ಬೈಕಿನ ಹುಡುಗರು ನನ್ನ ಕಡೆ ಹೇಗೆ ನೋಡುತ್ತಾರೆ ಅಂತ ಗೊತ್ತು. ನೋಡಲಿ. ಸ್ಪ್ಲೆಂಡರ್ ರಿಪೇರಿ ಗೊತ್ತಿಲ್ಲದ ಮೆಕ್ಯಾನಿಕ್ಕನ್ನು ನಾನಂತೂ ಯಾವ ಹೋಬಳಿಯಲ್ಲೂ ಕಂಡಿಲ್ಲ. ಕೆರೆ ಏರಿಯ ಮೇಲೆ ದಾರಿ ಮುಗಿದರೆ ಒಬ್ಬನೇ ಎತ್ತಿ ತಿರುಗಿಸಬಹುದು. ಗುಡಿ ಮುಂದೆ ನಿಲ್ಲಿಸಿದರೆ ಊರವರದ್ದೇ ಯಾರದೋ ಬೈಕು ಅನ್ನಿಸುತ್ತದೆ, ಯಾರೂ ಸುತ್ತ ಸೇರುವುದಿಲ್ಲ. ಚೀಲದಲ್ಲಿ ಒಂದು ಟ್ಯೂಬು, ಪ್ಲಗ್ಗು, ಪ್ಲಗ್ ಸ್ಪ್ಯಾನರು, ಚೈನ್ ಲಾಕು ಇರುತ್ತವೆ. ಕ್ಲಚ್ ಕೇಬಲ್ ಮಾತ್ರ ಚೀಲದಲ್ಲಿಲ್ಲ. ಹಳೆಯದರ ಪಕ್ಕದಲ್ಲೇ ಹೊಸದನ್ನೂ ಎಳೆದು ಟೇಪು ಸುತ್ತಿಟ್ಟಿದ್ದೇನೆ, ತುಂಡಾದರೆ ಎರಡು ತುದಿ ಸಿಕ್ಕಿಸಿಕೊಂಡು ಹೊರಡುವುದಷ್ಟೇ. ಇನ್ನೊಂದು ವಸ್ತು ಅಂಗೈ ಅಗಲದ ಕಬ್ಬಿಣದ ತಗಡು, ನಮ್ಮ ಶಾಪಿನ ಸ್ಕ್ರ್ಯಾಪಿನಲ್ಲಿ ನಾನೇ ಕತ್ತರಿಸಿಕೊಂಡಿದ್ದು. ತಲಕಾಡಿನಲ್ಲಿ ಮರಳ ಮೇಲೆ ಸ್ಟ್ಯಾಂಡ್ ಹಾಕಿ ವೈದ್ಯೇಶ್ವರನ ದರ್ಶನಕ್ಕೆ ಹೋಗಿದ್ದೆ. ವಾಪಸ್ ಬರುವಷ್ಟರಲ್ಲಿ ಸ್ಟ್ಯಾಂಡು ಕಂತಿ ಬೈಕು ಅಂಗಾತ ಮಲಗಿತ್ತು. ಪೆಟ್ರೋಲು ಸೋರಿ ಮರಳಿಗೆ ಇಂಗಿ ಹೋಗಿತ್ತು. ತಗಡು ಅಂದಿನಿಂದ ಬಂತು.

ಶುರುವಾದದ್ದು ಮಾತ್ರ ಬೆಂಗಳೂರಿನೊಳಗೇ, ಬೇಗೂರಿನಲ್ಲಿ. ಅಲ್ಲಿನ ಪಂಚಲಿಂಗೇಶ್ವರ ಗುಡಿಯ ಆವರಣದಲ್ಲಿ ಸುಮಾರು ಕ್ರಿ.ಶ. 890ರ, ಗಂಗರ ಕಾಲದ ಒಂದು ಶಾಸನವಿದೆ. ‘ಬೆಂಗಳೂರ ಕಾಳೆಗ’ದಲ್ಲಿ ನಾಗತ್ತರನ ಮಗ ಬುಟ್ಟಣ ಸತ್ತ ಅನ್ನುತ್ತದೆ ಅದು. ಬೇಟೆಗೆ ಬಂದು ದಾರಿ ತಪ್ಪಿದ ಹೊಯ್ಸಳ ಬಲ್ಲಾಳನಿಗೆ ಮುದುಕಿ ಬೆಂದ ಕಾಳು ಕೊಟ್ಟಳು, ಅದಕ್ಕೆ ಬೆಂದಕಾಳೂರು ಅಂತ ನಮಗೆ ಸ್ಕೂಲಿನಲ್ಲಿ ಹೇಳಿಕೊಟ್ಟಿದ್ದರಲ್ಲ, ಆ ಬಲ್ಲಾಳನಿಗಿಂತ ಸುಮಾರು ಮುನ್ನೂರು ವರ್ಷ ಮೊದಲೇ ಊರಿಗೆ ಈ ಹೆಸರಿತ್ತು. ನಲವತ್ತು ರೂಪಾಯಿ ಪೆಟ್ರೋಲಿನಲ್ಲಿ ಇಷ್ಟು ಸಿಗುವುದಾದರೆ ಇನ್ನೂ ಮುಂದೆ ಹೋದರೆ ಏನೇನಿದೆಯೋ ಅನ್ನಿಸಿತು.

ಮೊದಮೊದಲು ಎಲ್ಲರಂತೆ ನನ್ನದೂ ಊರುಗಳ ಪಟ್ಟಿ ಮಾಡಿ ಗೀಟು ಹಾಕುವ ಚಟ. ಅದು ಬಿಟ್ಟುಹೋದದ್ದು ಸೋಮನಾಥಪುರದಲ್ಲಿ. ಏಪ್ರಿಲ್ ಕೊನೆಯ ವಾರ, ಮಟಮಟ ಮಧ್ಯಾಹ್ನ. 1258ರ ಕೇಶವ ಗುಡಿ, ಗೋಡೆ ತುಂಬ ವಿಗ್ರಹ, ನನ್ನ ಕಣ್ಣಿಗೆ ಮಾತ್ರ ಎಲ್ಲ ಒಂದೇ ಬೂದಿ ಬಣ್ಣದ ಹಪ್ಪಳದ ಹಾಗೆ. ಶಿಲ್ಪಿ ಮಲ್ಲಿತಮ್ಮ ವಿಗ್ರಹಗಳ ಬುಡದಲ್ಲಿ ತನ್ನ ಹೆಸರು ಕೆತ್ತಿದ್ದಾನೆ ಅಂತ ಓದಿಕೊಂಡು ಹೋಗಿದ್ದೆ, ಒಂದಕ್ಷರವೂ ಕಾಣಲಿಲ್ಲ. ಕಾಲು ಸುಟ್ಟುಕೊಂಡು ಬಂದೆ. ಆಮೇಲೆ ತಿಳಿಯಿತು: ನಮ್ಮ ಕಡೆ ಏಪ್ರಿಲ್ 24ರ ಸುಮಾರಿಗೂ ಆಗಸ್ಟ್ 18ರ ಸುಮಾರಿಗೂ ಮಧ್ಯಾಹ್ನದ ಸೂರ್ಯ ಸರಿಯಾಗಿ ನೆತ್ತಿ ಮೇಲೆ ಬರುತ್ತಾನೆ, ನೆಟ್ಟ ಕೋಲಿಗೆ ನೆರಳೇ ಇರುವುದಿಲ್ಲ. ಕಲ್ಲಿನ ಮೇಲೆ ಕೆತ್ತಿದ್ದು ಕಾಣುವುದೇ ನೆರಳಿನಿಂದ. ನಾನು ನೆರಳಿಲ್ಲದ ವಾರ ನೋಡಿಕೊಂಡು ಅಕ್ಷರ ಓದಲು ಹೋಗಿದ್ದೆ.

ಅದೇ ಗುಡಿಗೆ ಡಿಸೆಂಬರಿನಲ್ಲಿ ಬೆಳಗ್ಗೆ ಬಾಗಿಲು ತೆಗೆಯುವ ಹೊತ್ತಿಗೇ ಹೋಗಿ ನಿಂತೆ. ಬಿಸಿಲು ಗೋಡೆಯನ್ನು ಸವರಿಕೊಂಡು ಅಡ್ಡಡ್ಡ ಬೀಳುತ್ತಿತ್ತು. ಮಲ್ಲಿತಮ್ಮ ಎದ್ದು ಬಂದ.

ನುಗ್ಗೇಹಳ್ಳಿಯಲ್ಲಿ ಇದು ಇನ್ನೂ ಮಜವಾಗಿದೆ. ಚನ್ನರಾಯಪಟ್ಟಣ ತಾಲ್ಲೂಕಿನ ಊರು, 1246ರಲ್ಲಿ ಬೊಮ್ಮಣ್ಣ ದಂಡನಾಯಕ ಕಟ್ಟಿಸಿದ ಲಕ್ಷ್ಮೀನರಸಿಂಹ ಗುಡಿ. ಅಲ್ಲಿ ದಕ್ಷಿಣದ ಗೋಡೆ ಬೈಚೋಜನದು, ಉತ್ತರದ್ದು ಇದೇ ಮಲ್ಲಿತಮ್ಮನದು, ಸೋಮನಾಥಪುರಕ್ಕಿಂತ ಹನ್ನೆರಡು ವರ್ಷ ಚಿಕ್ಕವನಿದ್ದಾಗ ಮಾಡಿದ್ದು. ಚಳಿಗಾಲದಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ, ಬೆಳಗಿನ ಬಿಸಿಲು ಬೈಚೋಜನಿಗೆ. ಮಲ್ಲಿತಮ್ಮನ ಗೋಡೆ ಇಡೀ ದಿನ ನೆರಳಲ್ಲೇ. ಅವನಿಗೆ ಬಿಸಿಲು ಬೇಕಾದರೆ ಸೂರ್ಯ ಉತ್ತರಕ್ಕೆ ಬರುವ ಜೂನಿನಲ್ಲಿ, ಮೋಡವಿಲ್ಲದ ಬೆಳಗಿನಲ್ಲಿ ಹೋಗಬೇಕು. ಜೂನಿನಲ್ಲಿ ಮೋಡವಿಲ್ಲದ ಭಾನುವಾರ! ಮೂರು ವರ್ಷ ಕಾದೆ. ಒಂದೇ ಗುಡಿಯ ಇಬ್ಬರು ಆಚಾರಿಗಳನ್ನು ನೋಡಲು ಎರಡು ಕಾಲದಲ್ಲಿ ಎರಡು ಸಲ ಹೋಗಬೇಕಾಯಿತು ಅಂದರೆ ಶಾಪಿನಲ್ಲಿ ನಗುತ್ತಾರೆ. ಆ ಊರಿನಿಂದ ಈಚೆಗೆ ನಾನು ಮಾತ್ರ ‘ಎಲ್ಲಿಗೆ’ ಅನ್ನುವುದಕ್ಕೆ ಮೊದಲು ‘ಯಾವಾಗ’ ಅಂತ ಕೇಳಿಕೊಳ್ಳುತ್ತೇನೆ.

ಗುಡಿಯ ಒಳಗೆ ಹೋದರೆ ನನಗೆ ವಿಗ್ರಹಕ್ಕಿಂತ ಕಂಬದ ಮೇಲೇ ಕಣ್ಣು. ಹೊಯ್ಸಳರ ಆ ಕಂಬಗಳು ಲೇತಿನಲ್ಲಿ ಕಡೆದ ಹಾಗೇ ಇವೆ. ಬಳಪದ ಕಲ್ಲು ಮೆದು, ಹೊಸದಾಗಿ ತೆಗೆದಾಗ ಚೆನ್ನಾಗಿ ಕೆಲಸಕ್ಕೆ ಬಗ್ಗುತ್ತದೆ, ನಿಜ. ಆದರೂ ಅಷ್ಟು ತೂಕದ ಕಲ್ಲನ್ನು ಮೋಟರಿಲ್ಲದೆ ತಿರುಗಿಸಿ, ಒಂದರ ಕೆಳಗೊಂದು ಉಂಗುರ ಎಬ್ಬಿಸುವುದು ಹುಡುಗಾಟವಲ್ಲ. ಎರಡು ಉಂಗುರದ ನಡುವಿನ ತೋಡು ನೋಡಿದರೆ ಆಚಾರಿಯ ಕೈ ಎಷ್ಟು ನೆಟ್ಟಗಿತ್ತು ಅಂತ ಗೊತ್ತಾಗುತ್ತದೆ. ನನ್ನ ಮೇಸ್ತ್ರಿ ಒಮ್ಮೆ ಜೊತೆಗೆ ಬಂದಿದ್ದರು. ಕಂಬದ ಮುಂದೆ ಬಹಳ ಹೊತ್ತು ನಿಂತು, “ರಿಜೆಕ್ಷನ್ ಪೀಸ್ ಎಲ್ಲಿ ಬಿಸಾಕ್ತಿದ್ರೋ” ಅಂದರು.

ಚಳಿಗಾಲದ ಇನ್ನೊಂದು ಊರು ನಂದಿ, ಬೆಟ್ಟವಲ್ಲ, ಬುಡದ ಹಳ್ಳಿ. ಡಿಸೆಂಬರಿನ ಭಾನುವಾರ ನಸುಕಿನಲ್ಲಿ ಅರ್ಧ ಬೆಂಗಳೂರೇ ಸೂರ್ಯೋದಯ ನೋಡಲು ಬೆಟ್ಟದ ಕಡೆ ತಿರುಗುತ್ತದೆ. ನಾನು ಕೆಳಗೇ ಉಳಿಯುತ್ತೇನೆ. ಭೋಗನಂದೀಶ್ವರ, ಅರುಣಾಚಲೇಶ್ವರ ಜೋಡಿ ಗುಡಿ, ಕ್ರಿ.ಶ. 806ರ ತಾಮ್ರಪಟದಲ್ಲೇ ಇಲ್ಲಿಯ ದೇವರಿಗೆ ದಾನ ಕೊಟ್ಟ ಮಾತಿದೆ. ಮಂಜು ಕಲ್ಯಾಣಿಯ ಮೆಟ್ಟಿಲಿಳಿದು ನೀರಿನ ಮೇಲೆ ಕೂತಿರುತ್ತದೆ. ದೇವನಹಳ್ಳಿ ದಾಟಿದ ಮೇಲೆ ಹೆಲ್ಮೆಟ್ಟಿನ ಗಾಜು ಮಬ್ಬಾಗಿ ಏನೂ ಕಾಣುವುದಿಲ್ಲ, ಗಾಜು ಎತ್ತಿದರೆ ಕಣ್ಣಲ್ಲಿ ನೀರು. ಮೂವತ್ತರ ಮೇಲೆ ಓಡಿಸುವುದಿಲ್ಲ.

ಕಾರ್ತಿಕ ಕಳೆದ ಮೇಲೆ ಬೈಕಿನವನಿಗೆ ಮಂಜಿಗಿಂತ ದೊಡ್ಡ ಕಂಟಕ ಒಕ್ಕಣೆ. ಕಣ ಮಾಡುವವರು ಕಡಿಮೆಯಾಗಿದ್ದಾರೆ, ಟಾರು ರಸ್ತೆಯೇ ಕಣ. ರಾಗಿ, ಹುರುಳಿ ಹರಡಿ ಬಿಡುತ್ತಾರೆ, ಹೋಗಿ ಬರುವ ಗಾಡಿಗಳೇ ತುಳಿದು ಕಾಳು ಉದುರಿಸಬೇಕು. ರಾಗಿ ಹುಲ್ಲು ಪರವಾಗಿಲ್ಲ. ಹುರುಳಿ ಮೋಸ: ಮೇಲೆ ಬಳ್ಳಿ, ಅಡಿಯಲ್ಲಿ ಬೇರಿಂಗ್ ಬಾಲ್ ಚೆಲ್ಲಿದ ಹಾಗೆ ಕಾಳು. ಒಂದು ಜನವರಿಯಲ್ಲಿ ಕುಣಿಗಲ್ ದಾಟಿ ತುರುವೇಕೆರೆ ಕಡೆಯ ಹಳ್ಳಿಯೊಂದರಲ್ಲಿ ಅದರ ಮೇಲೆ ಗಾಬರಿಯಾಗಿ ಮುಂದಿನ ಬ್ರೇಕ್ ಹಿಡಿದೆ. ಬೈಕು ಒಂದು ಕಡೆ, ನಾನೊಂದು ಕಡೆ. ಹೊಲದಿಂದ ಅಜ್ಜಿಯೊಬ್ಬರು ಓಡಿ ಬಂದರು. ಪಾಪ, ಎತ್ತಲು ಬರುತ್ತಿದ್ದಾರೆ ಅಂದುಕೊಂಡೆ.

“ಹುರುಳಿ ಮೇಲೆ ಯಾರಾದ್ರೂ ಬ್ರೇಕ್ ಹಾಕ್ತಾರೇನೋ ಮಗ? ಸುಮ್ಕೆ ಬಿಟ್ಕೊಂಡು ಹೋಗ್ಬೇಕು!”

ಬೈದ ಮೇಲೆ ಮನೆಗೆ ಕರೆದುಕೊಂಡು ಹೋಗಿ ಮೊಣಕೈಗೆ ಕಾಫಿಪುಡಿ ಮೆತ್ತಿದರು, ಮಜ್ಜಿಗೆ ಕೊಟ್ಟರು. ಯಾಕೆ ಬಂದೆ ಅಂದರು. ಶಾಸನ, ವೀರಗಲ್ಲು ಅಂದೆ. ಊರಿನ ಟೀ ಅಂಗಡಿಯಲ್ಲೂ ಅದನ್ನೇ ಕೇಳಿದ್ದೆ, ಇಲ್ಲ ಅಂದಿದ್ದರು. “ಅಂಗಂದ್ರೇನು, ನಮ್ ವೀರಗಾರಪ್ಪನಾ? ಹಿತ್ತಲಾಗೆ ಅವ್ನೆ” ಅಂತ ತೋರಿಸಿದರು. ಹುಣಸೆ ಮರದ ಬುಡದಲ್ಲಿ ಮೂರು ಅಂಕಣದ ಕಲ್ಲು, ಕೆಳಗೆ ಕಾಳಗ, ನಡುವೆ ಅಪ್ಸರೆಯರು ಹೊತ್ತೊಯ್ಯುವುದು, ಮೇಲೆ ಲಿಂಗದ ಮುಂದೆ ಕೂತ ವೀರ. ಹಣೆಗೆ ಹೊಸ ಕುಂಕುಮ. ನಾನು ಕೇಳುತ್ತಿದ್ದುದು ಪುಸ್ತಕದ ಹೆಸರು, ಊರಿನಲ್ಲಿ ಅವನು ಮನೆಯವನು. ಈಗ ವೀರಗಲ್ಲಿಗೆ ವೀರಗಾರ, ಸತಿ ಹೋದವಳ ಕಲ್ಲಿಗೆ ಮಾಸ್ತಮ್ಮ, ಶಾಸನಕ್ಕೆ ಬರಹದ ಕಲ್ಲು ಅಂತಲೇ ಕೇಳುವುದು. ಅಂದಹಾಗೆ, ಹುರುಳಿ ಬಳ್ಳಿ ಚೈನಿಗೂ ಹಿಂದಿನ ಚಕ್ರಕ್ಕೂ ಸುತ್ತಿಕೊಳ್ಳುತ್ತದೆ. ದಾಟಿದ ಕೂಡಲೇ ಇಳಿದು ಬಿಡಿಸಿಬಿಡಿ.

ಕೇಳುವ ರೀತಿಯಲ್ಲಿ ಇನ್ನೊಂದು ಸೂಕ್ಷ್ಮವಿದೆ. ಹೊರಗಿನವನೊಬ್ಬ ಬೈಕಿನಲ್ಲಿ ಬಂದು ಹಳೇ ಕಲ್ಲಿಗೆ ಟಾರ್ಚ್ ಬಿಟ್ಟರೆ ಊರಿಗೆ ಮೊದಲು ಬರುವ ಯೋಚನೆ ನಿಧಿ ಕಳ್ಳ ಅಂತ. ತಪ್ಪೇನಿಲ್ಲ. ನಿಧಿ ಆಸೆಗೆ ಲಿಂಗದ ಬುಡ, ಬಸವನ ಹೊಟ್ಟೆ ಒಡೆದಿರುವುದನ್ನು ನಾನೇ ಎಷ್ಟೋ ಕಡೆ ನೋಡಿದ್ದೇನೆ. ಹಾಗಾಗಿ ಬೈಕನ್ನು ಅರಳಿಕಟ್ಟೆ ಮುಂದೆ ಎಲ್ಲರ ಕಣ್ಣಿಗೆ ಬೀಳುವಂತೆ ನಿಲ್ಲಿಸುತ್ತೇನೆ, ಟೀ ಕುಡಿಯುತ್ತೇನೆ, ನನ್ನೂರು ಕೆಲಸ ಎಲ್ಲ ಅವರು ಕೇಳುವ ಮೊದಲೇ ಹೇಳಿಬಿಡುತ್ತೇನೆ. ಊರಿನ ಒಬ್ಬರಾದರೂ ಜೊತೆಗೆ ಬರದೆ ಹೊಲಕ್ಕೆ ಇಳಿಯುವುದಿಲ್ಲ. ಕತ್ತಲಾದ ಮೇಲಂತೂ ಇಲ್ಲವೇ ಇಲ್ಲ. ಅಕ್ಷರ ಕಾಣಲೆಂದು ಕಲ್ಲಿಗೆ ಹಿಟ್ಟು, ಸೀಮೆಸುಣ್ಣ ಉಜ್ಜುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಟಾರ್ಚನ್ನು ಪಕ್ಕದಿಂದ ಹಿಡಿದರೆ ಸಾಕು. ಡಿಸೆಂಬರ್ ಬಿಸಿಲು ಮಾಡುವ ಕೆಲಸವನ್ನೇ ಅದೂ ಮಾಡುತ್ತದೆ.

ವಿಳಾಸಕ್ಕೆ ನಾನು ನಂಬುವುದು ಬಿ.ಎಲ್. ರೈಸ್ ಹೊರತಂದ ಶಾಸನಗಳ ಸಂಗ್ರಹ, ಎಪಿಗ್ರಾಫಿಯಾ ಕರ್ನಾಟಿಕ ಸಂಪುಟಗಳನ್ನು. ಬೆಂಗಳೂರಿನದು, ಕೋಲಾರದ್ದು ಎರಡೂ 1905ರಲ್ಲಿ ಬಂದವು. ತಾಲ್ಲೂಕು, ಹಳ್ಳಿ, ಕಲ್ಲು ಎಲ್ಲಿ ನಿಂತಿದೆ ಅಂತ ಬರೆದಿದ್ದಾರೆ. ನೂರು ವರ್ಷದ ಹಿಂದಿನ ವಿಳಾಸ ಹಿಡಿದು ಹೋದರೆ ನೂರು ತಮಾಷೆ. ಹೊಲ ಅಂದಿದ್ದ ಕಡೆ ಲೇಔಟು, ಕಲ್ಲು ಮೋರಿಯ ಹಾಸಾಗಿ ಮಲಗಿರುತ್ತದೆ. ಸಿಕ್ಕಾಗ ಮಾತ್ರ ಕಳೆದುಹೋದ ನೆಂಟ ಸಿಕ್ಕ ಹಾಗಾಗುತ್ತದೆ.

ಮುಂಗಾರಿನಲ್ಲಿ ಪಶ್ಚಿಮಕ್ಕೆ ಹೋಗುವುದಿಲ್ಲ, ಮಳೆ ಕಡಿಮೆ ಬೀಳುವ ಶಿರಾ ಕಡೆ ಮುಖ ಮಾಡುತ್ತೇನೆ. 1687ರಿಂದ ಸುಮಾರು ಎಪ್ಪತ್ತು ವರ್ಷ ಮೊಗಲರ ಸುಬಾದ, ಅಂದರೆ ಪ್ರಾಂತ್ಯದ, ರಾಜಧಾನಿಯಾಗಿದ್ದ ಊರು ಇದು ಅಂದರೆ ಹೆದ್ದಾರಿಯಲ್ಲಿ ಊಟಕ್ಕೆ ನಿಲ್ಲುವವರು ನಂಬುವುದಿಲ್ಲ. ಒಳಗೆ ಹೋಗಿ ಮಲಿಕ್ ರಿಹಾನ್ ದರ್ಗಾ, 1696ರ ಕಲ್ಲಿನ ಜುಮ್ಮಾ ಮಸೀದಿ ನೋಡಬೇಕು. ಅಲ್ಲಿ ಮಳೆ ಕಾಡುವುದಿಲ್ಲ, ಆಷಾಢದ ಗಾಳಿ ಕಾಡುತ್ತದೆ. ಬಯಲಿನಲ್ಲಿ ಹಗುರ ಬೈಕನ್ನು ಪಕ್ಕದ ಲೇನಿಗೆ ತಳ್ಳಿಬಿಡುತ್ತದೆ. ಪಕ್ಕದ ಲಾರಿ ಗಾಳಿಗೆ ಅಡ್ಡವಾದಾಗ ಗಾಳಿ ನಿಂತು, ಲಾರಿ ದಾಟಿದ ಕ್ಷಣ ಮತ್ತೆ ಹೊಡೆಯುತ್ತದೆ, ಕೈ ಸಡಿಲ ಬಿಡಬಾರದು. ನೀರಿನಲ್ಲಿ ಇಳಿದು ಬಂದರೆ ಡ್ರಮ್ ಬ್ರೇಕು ಹಿಡಿಯುವುದಿಲ್ಲ, ಸ್ವಲ್ಪ ದೂರ ಬ್ರೇಕನ್ನು ಮೆಲ್ಲಗೆ ಒತ್ತಿಕೊಂಡೇ ಓಡಿಸಿ ಒಣಗಿಸಬೇಕು. ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಬೆಂಗಳೂರಿನಲ್ಲೇ ಸಂಜೆ ಜಡಿ. ಮೂರು ಗಂಟೆಗೆ ಮನೆಯಲ್ಲಿರಬೇಕು ಅಂತ ಹೆಂಡತಿಯ ಆರ್ಡರು. ಆಗ ಮಾಗಡಿ ತನಕ ಅಷ್ಟೇ.

ಮೈಸೂರು ರಸ್ತೆಯದು ಬೇರೆ ಕಥೆ. 2023ರ ಆಗಸ್ಟ್ 1ರಿಂದ ಎಕ್ಸ್‌ಪ್ರೆಸ್‌ವೇಯ ಮುಖ್ಯ ರಸ್ತೆಗೆ ದ್ವಿಚಕ್ರ ವಾಹನ ಬಿಡುವುದಿಲ್ಲ. ಗೆಳೆಯರೆಲ್ಲ ಶಾಪ ಹಾಕಿದರು, ನಾನೂ ಒಂದೆರಡು ವಾರ ಹಾಕಿದೆ. ಆಮೇಲೆ ನೋಡಿದರೆ ನನಗೆ ಬೇಕಾದದ್ದೆಲ್ಲ ಹಳೇ ರಸ್ತೆಯಲ್ಲೇ ಇದೆ: ಬಿಡದಿಯ ತಟ್ಟೆ ಇಡ್ಲಿ, ಚನ್ನಪಟ್ಟಣದಲ್ಲಿ ನನ್ನ ಕಸುಬಿನವರೇ ಮರ ಕಡೆಯುವ ಸದ್ದು, ಅದು ದಾಟಿದರೆ ದೊಡ್ಡಮಳೂರಿನ ಅಪ್ರಮೇಯಸ್ವಾಮಿ ಗುಡಿ. ಕಾರಿನವರು ಮೇಲೆ ಹಾರಿಹೋಗುತ್ತಾರೆ.

ಬೇಸಿಗೆಗೆ ಕೋಲಾರ. ಶಿವರಾತ್ರಿ ಸುಮಾರಿಗೆ ಆವನಿಯಲ್ಲಿ ದನಗಳ ಜಾತ್ರೆ, ನೊಳಂಬರ ಕಾಲದ ರಾಮಲಿಂಗೇಶ್ವರ ಗುಡಿಗಳ ಸುತ್ತ ಊರೆಲ್ಲ ಎತ್ತು. ಮೇ ತಿಂಗಳಲ್ಲಿ ಗುಡಿಗೆ ಹೋಗುವುದಿಲ್ಲ, ಕಲ್ಲುಹಾಸು ಕಾವಲಿಯಾಗಿರುತ್ತದೆ. ಆಗ ನಾನು ನೋಡುವುದು ಕೆರೆ. ನೀರು ಬತ್ತಿದರೆ ಹಳೇ ತೂಬು ಬುಡದವರೆಗೆ ಕಾಣುತ್ತದೆ: ಎರಡು ಎತ್ತರದ ಕಲ್ಲು ಕಂಬ, ನಡುವೆ ಅಡ್ಡಪಟ್ಟಿ, ತೂಬಿನ ಬಾಯಿ ಮುಚ್ಚುವ ಗೂಟ ಇಳಿಸಲು ಅದರಲ್ಲಿ ತೂತು. 2016ರ ಮೇನಲ್ಲಿ ಕೋಲಾರದ ಹತ್ತಿರದ ಒಂದು ಕೆರೆಯಲ್ಲಿ, ಬಿರುಕುಬಿಟ್ಟ ಮಣ್ಣಿನ ಮೇಲೆ ನಡೆದು ಹೋಗಿ, ಅಂಥ ಕಂಬವೊಂದರ ಬುಡದಲ್ಲಿ ಐದು ಸಾಲಿನ ಬರಹ ನೋಡಿದ್ದೆ. ಪೂರ್ತಿ ಓದಲಾಗಿರಲಿಲ್ಲ. ಮತ್ತೆ ಬರುತ್ತೇನೆ ಅಂದುಕೊಂಡಿದ್ದೆ.

ಹೋದದ್ದು 2022ರ ಮೇನಲ್ಲಿ, ಹೆಂಡತಿಯನ್ನೂ ಕೂರಿಸಿಕೊಂಡು. ಸುಡು ಬಿಸಿಲು. ಏರಿ ಹತ್ತಿದರೆ ಕೆರೆ ತುಂಬ ನೀರು, ಕಂಬಗಳ ತಲೆ ಮಾತ್ರ ಮೇಲೆ. ಏರಿಯ ಮೇಲೆ ಮೇಕೆ ಬಿಟ್ಟುಕೊಂಡು ಕೂತಿದ್ದ ತಾತನನ್ನು, ಇದೇನು ತಾತ, ಬೇಸಿಗೆಯಲ್ಲಿ ಇಷ್ಟು ನೀರು ಅಂತ ಕೇಳಿದೆ.

“ಯಾವೂರು ನಿಮ್ದು?”

“ಬೆಂಗಳೂರು.”

“ಮತ್ತೆ ನನ್ನ ಕೇಳ್ತೀರಲ್ಲಪ್ಪ. ನೀವು ಸ್ನಾನ ಮಾಡಿ ಬಿಟ್ಟಿದ್ದೇ ಅಲ್ವಾ ಇದು!”

ಕೆ.ಸಿ. ವ್ಯಾಲಿ ನೀರು. ಕೋರಮಂಗಲ, ಚಲ್ಲಘಟ್ಟ ಕಣಿವೆಯ ಕೊಳಚೆ ನೀರನ್ನು ಶುದ್ಧೀಕರಿಸಿ 2018ರಿಂದ ಕೋಲಾರದ ಕೆರೆಗಳಿಗೆ ಬಿಡುತ್ತಿದ್ದಾರಲ್ಲ, ಅದು ಇಲ್ಲಿಗೂ ಬಂದಿತ್ತು. ನಮ್ಮ ಲಗ್ಗೆರೆಯದು ವೃಷಭಾವತಿ ಕಡೆ ಹರಿಯುತ್ತದೆ ತಾತ, ಇದು ನಮ್ಮದಲ್ಲ ಅಂತ ಹೇಳಲು ಹೊರಟೆ. ಹೆಂಡತಿ ಬೆನ್ನಿಗೆ ತಿವಿದಳು. ಕೊಳವೆಬಾವಿಯಲ್ಲಿ ನೀರು ಮೇಲೆ ಬಂದಿದೆಯಂತೆ, ಆದರೆ ಕುಡಿಯಲು ಮನಸ್ಸು ಬರುವುದಿಲ್ಲವಂತೆ. ತಾತ ಹೇಳುತ್ತಲೇ ಇದ್ದರು. ನನ್ನ ಐದು ಸಾಲು ನೀರಿನಡಿ ಇತ್ತು. ಕಂಬದ ತಲೆಯ ಮೇಲೆ ನೀರುಕಾಗೆಯೊಂದು ರೆಕ್ಕೆ ಹರವಿಕೊಂಡು ಬಿಸಿಲಿಗೆ ಒಣಗಿಸುತ್ತಿತ್ತು.