ಕಲ್ಲಿನಿಂದಲೂ ಹುರುಳಿಯಿಂದಲೂ ಗಾಡಿಯ ಹೊಟ್ಟೆ ಕಾಯ್ದ ಬಗೆ

ನಮ್ಮ ಮನೆ ಚಿತ್ರದುರ್ಗದಲ್ಲಿ, ದಾಳಿಂಬೆ ತೋಟ ಹೊಸದುರ್ಗದ ಕಡೆ. ಡಾಂಬರು ಮುಗಿದ ಮೇಲೆ ನಾಲ್ಕು ಕಿಲೋಮೀಟರ್ ಗರಸು ಮಣ್ಣಿನ ದಾರಿ. 2022ರ ಮಳೆಗಾಲದವರೆಗೆ ಆ ದಾರಿ ನಮಗೆ ತೊಂದರೆ ಕೊಟ್ಟಿರಲಿಲ್ಲ. 89 ವರ್ಷಗಳ ಬಳಿಕ ವಾಣಿವಿಲಾಸ ಸಾಗರ ಕೋಡಿ ಬಿದ್ದ ವರ್ಷ ಅದು. ಊರಿಗೆ ಊರೇ ಕೋಡಿ ನೋಡಲು ಅದರ ಅಣೆಕಟ್ಟಿರುವ ಮಾರಿಕಣಿವೆಗೆ ಹೋಗಿತ್ತು. ಅದೇ ಮಳೆ ನಮ್ಮ ದಾರಿಯ ಮೇಲ್ಮಣ್ಣನ್ನು ಕೊಚ್ಚಿಕೊಂಡು ಹೋಗಿ, ಅಡಿಯ ಬಂಡೆಗಳ ನೆತ್ತಿಯನ್ನು ಹೊರಗೆ ಬಿಟ್ಟಿತು. ಟ್ರ್ಯಾಕ್ಟರ್ ಗಾಲಿಗಳು ಎರಡು ಆಳವಾದ ಜಾಡು ಕೊರೆದವು. ನಡುವೆ ಉಳಿದ ದಿಣ್ಣೆಯಲ್ಲಿ ಬೆಣಚುಕಲ್ಲುಗಳು ಅಡಗಿ ಕುಳಿತವು.

ನನ್ನದು ಬಿಎಸ್-6 ಕಾಲದ ಡೀಸೆಲ್ ಎಸ್‌ಯುವಿ, ಲ್ಯಾಡರ್ ಚಾಸಿಸ್‌ನದು, ಅಂದರೆ ಏಣಿಯಂಥ ಉಕ್ಕಿನ ಚೌಕಟ್ಟಿನ ಮೇಲೆ ಕೂತದ್ದು. ಅಂದು ಹಿಂದೆ ಆರು ಚೀಲ ಗೊಬ್ಬರ, ಒಳಗೆ ನಾಲ್ವರು. ಕಂಪನಿಯವರು ಹೇಳುವ ನೆಲದಂತರ (ಗ್ರೌಂಡ್ ಕ್ಲಿಯರೆನ್ಸ್) ಹಲವು ಸಲ ಖಾಲಿ ಗಾಡಿಯದು ಎಂಬುದು ಆಗ ನನ್ನ ತಲೆಯಲ್ಲಿರಲಿಲ್ಲ. ಕಾಲಡಿಯಲ್ಲಿ ಒಂದು ಪೆಟ್ಟು ಕೇಳಿಸಿತು. ಇಳಿದು ಬಗ್ಗಿ ನೋಡಿದರೆ ಕಲ್ಲಿನ ಮೇಲೆ ಕಪ್ಪು ಎಣ್ಣೆಯ ಸಣ್ಣ ಧಾರೆ. ತಕ್ಷಣ ಎಂಜಿನ್ ಆರಿಸಿದೆ. ಅದೊಂದರಿಂದಲೇ ಎಂಜಿನ್ ಉಳಿಯಿತು. ಪೆಟ್ಟು ಬಿದ್ದದ್ದು ಸಂಪ್‌ಗೆ, ಅಂದರೆ ಎಂಜಿನ್ ಎಣ್ಣೆ ನಿಲ್ಲುವ ತಳದ ಬೋಗುಣಿಗೆ. ಅದು ಕಬ್ಬಿಣದ ತಗಡಿನದಾಗಿದ್ದರೆ ತಗ್ಗು ಬೀಳುತ್ತಿತ್ತೋ ಏನೋ. ನನ್ನದು ಅಲ್ಯೂಮಿನಿಯಂ ಎರಕದ್ದು, ಸೀಳಿತ್ತು. ಎಣ್ಣೆಯಿಲ್ಲದೆ ತೋಟದವರೆಗೆ ಓಡಿಸಿದ್ದರೆ ಬೇರಿಂಗುಗಳು ಕಚ್ಚಿಕೊಂಡು ಬಿಡುತ್ತಿದ್ದವು.

ಸಂಪ್ ಬದಲಾಯಿಸಿದ ದಿನ ಗಾಡಿ ಲಿಫ್ಟ್ ಮೇಲೆಯೇ ಇತ್ತು. ಎರಡು ಗಂಟೆ ಅದರ ಅಡಿಯಲ್ಲಿ ಸೀಮೆಸುಣ್ಣ ಹಿಡಿದು ನಿಂತೆ. ಮುಂದೆ ಕಂಪನಿ ಕೊಟ್ಟ ಹೊದಿಕೆ ತೆಳು ಪ್ಲಾಸ್ಟಿಕ್. ಅದು ಕೆಸರು ತಡೆಯುತ್ತದೆ, ಕಲ್ಲನ್ನಲ್ಲ. ಹಿಂದಿನ ಗಾಲಿಗಳಿಗೆ ಶಕ್ತಿ ಹಂಚುವ ಡಿಫರೆನ್ಷಿಯಲ್ ಎಲ್ಲಕ್ಕಿಂತ ಕೆಳಗಿದ್ದರೂ ದಪ್ಪ ಎರಕದ ಗಟ್ಟಿ ಗುಂಡು. ಅದರ ಬಗ್ಗೆ ನನಗೆ ಭಯವಾಗಲಿಲ್ಲ. ಭಯವಾದದ್ದು ಸಣ್ಣ ವಸ್ತುಗಳನ್ನು ನೋಡಿ: ಇಂಟರ್‌ಕೂಲರ್‌ನ ರಬ್ಬರ್ ಕೊಳವೆ, ಚಾಸಿಸ್ ಬದಿಯಲ್ಲಿ ಹರಿದ ಬ್ರೇಕ್ ಪೈಪು, ಗಾಲಿಗೆ ಹೋಗುವ ಎಬಿಎಸ್ ತಂತಿ, ಡಿಇಎಫ್ ಟ್ಯಾಂಕಿನ ತೆಳು ನಳಿಕೆ. ಡಿಇಎಫ್ ಎಂದರೆ ಡೀಸೆಲ್ ಹೊಗೆಯನ್ನು ಶುದ್ಧ ಮಾಡಲು ಬಳಸುವ ಶೇ 32.5ರ ಯೂರಿಯಾ ದ್ರಾವಣ. ಸೋರಿದರೆ ಆ ಜಾಗದಲ್ಲಿ ಉಪ್ಪಿನಂತೆ ಬಿಳಿ ಹರಳು ಕಟ್ಟುತ್ತದೆ. ದ್ರಾವಣ ಮುಗಿದರೆ ಇಂಥ ಗಾಡಿಗಳು ಮತ್ತೆ ಸ್ಟಾರ್ಟ್ ಆಗುವುದಿಲ್ಲ. ತೋಟದ ನಡುವೆ ಅದು ಸಂಪ್ ಒಡೆದಷ್ಟೇ ದೊಡ್ಡ ಕಷ್ಟ.

ಅದಕ್ಕೇ ಗಾಡಿಯ ಹೊಟ್ಟೆಗೆ ಕಲ್ಲು ತಡೆಯುವ ಲೋಹದ ತಟ್ಟೆ ಹಾಕಿಸಲು ನಿರ್ಧರಿಸಿ, ಊರಿನ ವೆಲ್ಡಿಂಗ್ ಅಂಗಡಿಯಲ್ಲೇ ಮಾಡಿಸಿದೆ. ಮೊದಲು ರಟ್ಟು ಕತ್ತರಿಸಿ ಅಳತೆ ತೆಗೆದೆವು. ಉಕ್ಕೋ ಅಲ್ಯೂಮಿನಿಯಮ್ಮೋ ಎಂಬ ಚರ್ಚೆ ಒಂದು ವಾರ ನಡೆಯಿತು. 3 ಮಿ.ಮೀ. ಉಕ್ಕಿನ ತಟ್ಟೆ ಚದರ ಮೀಟರಿಗೆ ಸುಮಾರು 23.5 ಕೆ.ಜಿ., 6 ಮಿ.ಮೀ. ಅಲ್ಯೂಮಿನಿಯಂ ಸುಮಾರು 16 ಕೆ.ಜಿ. ತೂಕ ಕಡಿಮೆಯಾದರೂ ಅಲ್ಯೂಮಿನಿಯಂ ಕಲ್ಲಿಗೆ ಕಚ್ಚಿಕೊಳ್ಳುತ್ತದೆ, ಉಕ್ಕು ಜಾರುತ್ತದೆ. ಉಕ್ಕು ಬಾಗಿದರೆ ಯಾವ ಊರಿನಲ್ಲಾದರೂ ಸುತ್ತಿಗೆಯಿಂದ ನೇರ ಮಾಡಿಸಬಹುದು. ನಾನು ಉಕ್ಕನ್ನೇ ಆರಿಸಿಕೊಂಡೆ. ಸಂಪ್ ಕೆಳಗಿನ ತಟ್ಟೆ ಸುಮಾರು 13 ಕೆ.ಜಿ. ಬಂತು.

ಮುಂದಿನ ಅಂಚನ್ನು ಮೇಲಕ್ಕೆ ಬಾಗಿಸಿದೆವು. ಎರಡನೆಯ ತಟ್ಟೆ ಗೇರ್‌ಬಾಕ್ಸ್‌ಗೆ ಮತ್ತು ಮುಂದಿನ, ಹಿಂದಿನ ಗಾಲಿಗಳಿಗೆ ಶಕ್ತಿ ಹಂಚುವ ಟ್ರಾನ್ಸ್‌ಫರ್ ಕೇಸ್‌ಗೆ. ಎರಡೂ ಸೇರುವಲ್ಲಿ ಮುಂದಿನದರ ಹಿಂತುದಿ ಕೆಳಗೆ, ಹಿಂದಿನದರ ಮುಂತುದಿ ಮೇಲೆ, ಮಂಗಳೂರು ಹೆಂಚು ಒಂದರ ಮೇಲೊಂದು ಕೂರುವ ಹಾಗೆ. ಹೀಗೆ ಮಾಡದಿದ್ದರೆ ಕಲ್ಲು ಸಂದಿಗೆ ಸಿಕ್ಕಿ ತಟ್ಟೆಯನ್ನೇ ಕೀಳುತ್ತದೆ. ಬೋಲ್ಟುಗಳ ತಲೆಯ ಮುಂದೆ ಸಣ್ಣ ಇಳಿಜಾರಿನ ತುಂಡು ಬೆಸೆದೆವು, ತಲೆ ಸವೆದುಹೋದರೆ ಬಿಚ್ಚುವುದು ಹೇಗೆ? ಚಾಸಿಸ್‌ಗೆ ಹೊಸ ತೂತು ಕೊರೆಯಲು ನಾನು ಬಿಡಲಿಲ್ಲ. ಅಡ್ಡತೊಲೆಯಲ್ಲಿ ಕಂಪನಿಯೇ ಕೊಟ್ಟಿದ್ದ ತಿರುಪಿನ ತೂತುಗಳಿಗೇ ಹೈಟೆನ್ಸಿಲ್ ಬೋಲ್ಟು ಹಾಕಿದೆವು. ಬೆಸುಗೆಯೆಲ್ಲ ಮೇಜಿನ ಮೇಲೆ ನಡೆಯಿತು, ಗಾಡಿಯ ಮೇಲೆ ಒಂದು ಚುಕ್ಕೆಯೂ ಇಲ್ಲ. ಇಷ್ಟೊಂದು ಎಲೆಕ್ಟ್ರಾನಿಕ್ಸ್ ಇರುವ ಗಾಡಿಗೆ ವೆಲ್ಡಿಂಗ್ ಕರೆಂಟು ಹರಿಸುವುದು ಬೇಡ ಎಂದು ಹಟ ಹಿಡಿದೆ.

ಮೊದಲ ಬಾರಿ ಕೂರಿಸಿದಾಗ ತಟ್ಟೆಗೂ ಸಂಪ್‌ಗೂ ನಡುವೆ ಬೆರಳು ತೂರುವಷ್ಟೇ ಜಾಗವಿತ್ತು. ಎಂಜಿನ್ ಆರಿಸಿದಾಗಲೆಲ್ಲ ಕಣ್ ಎಂಬ ಸದ್ದು. ಎಂಜಿನ್ ರಬ್ಬರ್ ಮೌಂಟ್ ಮೇಲೆ ಕೂತಿರುತ್ತದೆ, ಆರುವಾಗ ಒಮ್ಮೆ ಹೊರಳುತ್ತದೆ. ತಟ್ಟೆಯನ್ನು ಇಳಿಸಿ 25 ಮಿ.ಮೀ. ಅಂತರ ಬಿಟ್ಟ ಮೇಲೆ ಸದ್ದು ನಿಂತಿತು.

ಇಲ್ಲಿಗೆ ಕೆಲಸ ಮುಗಿಯಿತು ಎಂದುಕೊಂಡಿದ್ದೆ. ಜನವರಿ ಬಂತು. ನಮ್ಮ ಕಡೆ ರಾಗಿ, ಹುರುಳಿ ಒಕ್ಕಣೆಯ ಕಾಲ. ಕಣ ಮಾಡಲು ಜಾಗವಿಲ್ಲದವರು ಬೆಳೆಯನ್ನು ಡಾಂಬರಿನ ಮೇಲೆ ಹರಡುತ್ತಾರೆ, ಓಡಾಡುವ ವಾಹನಗಳು ತುಳಿದು ಕಾಳು ಉದುರಿಸುತ್ತವೆ. ಬೈಕ್ ಸವಾರರು ಜಾರಿ ಬೀಳುವುದನ್ನು ಕಂಡಿದ್ದೇನೆ, ಅದು ಸರಿಯಲ್ಲ. ಆದರೆ ಕೂಲಿಯಾಳು ಸಿಗದೆ ಒದ್ದಾಡುವ ರೈತನ ಮೇಲೆ ಸಿಟ್ಟು ಮಾಡಿಕೊಳ್ಳಲೂ ನನ್ನಿಂದಾಗದು, ನಾನೂ ರೈತನೇ. ಹುರುಳಿ ಬಳ್ಳಿ ನೂಲಿನಂತೆ ಉದ್ದ. ಆ ದಿನ ನಾಲ್ಕೈದು ಕಡೆ ಅದರ ಮೇಲೆ ಹಾದು ಬಂದಿದ್ದೆ. ಸ್ವಲ್ಪ ಹೊತ್ತಿಗೆ ಹುಲ್ಲು ಸುಟ್ಟ ವಾಸನೆ. ನಿಲ್ಲಿಸಿ ಕೆಳಗೆ ಇಣುಕಿದೆ. ಎರಡನೆಯ ತಟ್ಟೆಗೂ ಸೈಲೆನ್ಸರ್ ಪೈಪಿಗೂ ನಡುವೆ ಬಳ್ಳಿಯ ಉಂಡೆ ತುಂಬಿಕೊಂಡಿತ್ತು, ಪೈಪಿಗೆ ತಾಗಿದ ಭಾಗ ಕರಕಲಾಗಿ ಹೊಗೆಯಾಡುತ್ತಿತ್ತು.

ಡೀಸೆಲ್ ಹೊಗೆಯ ಮಸಿ ಹಿಡಿಯುವ ಸೋಸುಕವಾದ ಡಿಪಿಎಫ್ ತನ್ನೊಳಗಿನ ಮಸಿಯನ್ನು ಸುಟ್ಟುಕೊಳ್ಳುವಾಗ ಒಳಗಿನ ಉಷ್ಣತೆ 600 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿಗೆ ಹೋಗುತ್ತದೆ. ಆ ಹೊತ್ತಿಗೆ ಒಣ ಬಳ್ಳಿ ಪಕ್ಕದಲ್ಲಿದ್ದರೆ ಏನಾಗುತ್ತದೆ ಎಂದು ಹೇಳಬೇಕಾಗಿಲ್ಲ. ಕುಡಿಯುವ ನೀರು ಸುರಿದು, ಕೋಲಿನಿಂದ ಎಳೆದೆಳೆದು ತೆಗೆದೆ. ಕೈ ನಡುಗುತ್ತಿತ್ತು, ಹಿಂದಿನ ಸೀಟಿನಲ್ಲಿ ಮಗಳು ಮಲಗಿದ್ದಳು. ಕಲ್ಲು ತಡೆಯಲೆಂದು ನಾನು ಕಟ್ಟಿದ ತಟ್ಟೆಯೇ ಬೆಂಕಿಗೆ ಗೂಡಾಗಿತ್ತು.

ಮರುದಿನವೇ ಎರಡನೆಯ ತಟ್ಟೆ ಬಿಚ್ಚಿಸಿದೆ. ಸೈಲೆನ್ಸರ್ ಇರುವ ಬದಿಯನ್ನು ಪೂರ್ತಿ ಕತ್ತರಿಸಿ, ಗೇರ್‌ಬಾಕ್ಸ್‌ನಷ್ಟಕ್ಕೇ ಉಳಿಸಿದೆ. ಡಿಪಿಎಫ್ ಕೆಳಗೆ ಈಗ ತಟ್ಟೆಯಿಲ್ಲ. ಉದ್ದಕ್ಕೆ ಒಂದೇ ಒಂದು ದಪ್ಪ ಪೈಪು, ದೋಣಿಯ ಅಡಿಮರದ ಹಾಗೆ. ಕಲ್ಲು ಅದರ ಮೇಲೆ ಜಾರುತ್ತದೆ, ಬಳ್ಳಿ ನಿಲ್ಲುವುದಿಲ್ಲ. ಮೊದಲ ತಟ್ಟೆಯಲ್ಲಿ ಎಣ್ಣೆ ಬಸಿಯುವ ತೂತಿನ ಜೊತೆಗೆ ಗಾಳಿಗೂ ನೀರಿಗೂ ಉದ್ದನೆಯ ಸೀಳುಗಳನ್ನು ಮಾಡಿಸಿದೆ.

ಎಬಿಎಸ್ ತಂತಿಗಳಿಗೆ ತೋಟದ ಹಳೆಯ 16 ಮಿ.ಮೀ. ಡ್ರಿಪ್ ಪೈಪನ್ನು ಉದ್ದಕ್ಕೆ ಸೀಳಿ ತೊಡಿಸಿದ್ದೇನೆ, ಬಿಸಿಯಿಂದ ದೂರವಿರುವ ಕಡೆ ಮಾತ್ರ. ಬ್ರೇಕ್ ಪೈಪಿಗೆ ಮಾತ್ರ ಅದನ್ನು ಹಾಕಬಾರದು, ಒಳಗೆ ಕೆಸರು ನಿಂತು ತುಕ್ಕು ಹಿಡಿಯುತ್ತದೆ. ತುಕ್ಕು ತಡೆಯುವ ಕೋಟಿಂಗ್ ಹೊಡೆಸುವಾಗಲೂ ಸೈಲೆನ್ಸರ್, ಸೆನ್ಸರ್, ರಬ್ಬರ್ ಬುಷ್, ನೀರು ಬಸಿಯುವ ರಂಧ್ರ ಇವುಗಳನ್ನು ಕಾಗದದಿಂದ ಮುಚ್ಚಿಸಿ, ಪಕ್ಕದಲ್ಲೇ ನಿಂತೆ.

ಕಳೆದ ಮಳೆಗಾಲದಲ್ಲಿ ಅದೇ ದಿಣ್ಣೆಯ ಮೇಲೆ ಗಾಡಿ ಮತ್ತೊಮ್ಮೆ ಕುಳಿತಿತು. ಉಕ್ಕು ಕಲ್ಲಿಗೆ ಉಜ್ಜಿದ ಸದ್ದು ಕೇಳಿ ಎದೆ ಹಾರಿತು. ಇಳಿದು ಬಗ್ಗಿದೆ. ತಟ್ಟೆಯ ನಡುವೆ, ಸರಿಯಾಗಿ ಸಂಪ್ ಕೆಳಗೆ, ಮೊಳದುದ್ದದ ಹೊಳೆಯುವ ಗೀರು. ಕೆಳಗಿನ ಮಣ್ಣು ಒಣಗಿಯೇ ಇತ್ತು.