ಪಿಂಗ್ ಬರುತ್ತದೆ, ದೊಡ್ಡ ಫೈಲ್ ಹೋಗುವುದಿಲ್ಲ: ಸ್ಟೋರೇಜ್ ಸ್ವಿಚ್ ಸರಿ ಮಾಡಿದ್ದು

ಪುಣೆಯ ಭೋಸರಿಯ ನಮ್ಮ ಆಫೀಸಿನ ಐಸ್ಕಸಿ (iSCSI, ಅಂದರೆ ನೆಟ್‌ವರ್ಕ್ ಮೂಲಕ ಸರ್ವರ್‌ಗೆ ಡಿಸ್ಕ್ ಕೊಡುವ) ಸ್ಟೋರೇಜ್. ಲಾಗಿನ್ ಆಗುತ್ತದೆ, ಡಿಸ್ಕ್ ಕಾಣುತ್ತದೆ, ಪಿಂಗೂ (ಸಣ್ಣ ಪ್ಯಾಕೆಟ್ ಕಳಿಸಿ ಉತ್ತರ ಬರುತ್ತಾ ನೋಡುವ ಪರೀಕ್ಷೆ) ಬರುತ್ತದೆ. ದೊಡ್ಡ ಫೈಲ್ ಕಾಪಿ ಮಾಡಿದರೆ ಮಾತ್ರ ಅರ್ಧಕ್ಕೇ ನಿಲ್ಲುತ್ತದೆ.

ಕೇಬಲ್ ಬದಲಿಸಿದೆವು, ಪೋರ್ಟ್ ಬದಲಿಸಿದೆವು, ಫರ್ಮ್‌ವೇರ್ ಹಾಕಿದೆವು. ಏನೂ ಆಗಲಿಲ್ಲ. ಸಪೋರ್ಟ್‌ನವರದ್ದು ರೀಬೂಟ್ ಮಾಡಿ ಅನ್ನುವ ಒಂದೇ ಮಂತ್ರ.

ತೊಂದರೆ ಎರಡಿತ್ತು. ಮ್ಯಾನೇಜ್‌ಮೆಂಟ್ (ಸ್ಟೋರೇಜಿನ ಸೆಟ್ಟಿಂಗ್ ನೋಡಿಕೊಳ್ಳುವ ಪೋರ್ಟ್), ಡೇಟಾ ಎರಡೂ ಒಂದೇ ಸಬ್‌ನೆಟ್‌ನಲ್ಲಿ (ಒಂದೇ ಐಪಿ ವಿಳಾಸಗಳ ಗುಂಪಿನಲ್ಲಿ) ಇದ್ದವು, ಹಾಗಾಗಿ ಡೇಟಾ ಕೆಲವೊಮ್ಮೆ 1 ಗಿಗಾಬಿಟ್ ಮ್ಯಾನೇಜ್‌ಮೆಂಟ್ ಪೋರ್ಟಿನಿಂದಲೇ ಹೋಗುತ್ತಿತ್ತು. ಜೊತೆಗೆ ಸರ್ವರ್, ಸ್ಟೋರೇಜ್ ಎರಡರಲ್ಲೂ ಎಂಟಿಯು (ಒಂದು ಪ್ಯಾಕೆಟ್‌ನ ಗರಿಷ್ಠ ಗಾತ್ರ, ಬೈಟ್‌ಗಳಲ್ಲಿ) 9000, ನಡುವಿನ ಸ್ವಿಚ್ಚಿನಲ್ಲಿ 1500! ಹಾಗಾಗಿ ದೊಡ್ಡ ಪ್ಯಾಕೆಟ್ ಸ್ವಿಚ್ಚಿನಲ್ಲೇ ಬಿದ್ದುಹೋಗುತ್ತಿತ್ತು.

ನಿಮಗೂ ಇದೇ ತೊಂದರೆ ಇದ್ದರೆ, ಮೊದಲು ಕಾಪಿ, ಬ್ಯಾಕಪ್ ಎಲ್ಲ ನಿಲ್ಲಿಸಿ. ಮ್ಯಾನೇಜ್‌ಮೆಂಟ್ ಪೋರ್ಟನ್ನು ಆಫೀಸಿನ ಸಾಮಾನ್ಯ ಸ್ವಿಚ್ಚಿಗೆ ಹಾಕಿ, ವಿಲ್ಯಾನ್ (ಸ್ವಿಚ್ಚಿನೊಳಗೇ ಬೇರ್ಪಡಿಸಿದ ನೆಟ್‌ವರ್ಕ್) 10, ಎಂಟಿಯು 1500 ಸಾಕು. ಡೇಟಾದ ಎರಡು ದಾರಿಗೆ ವಿಲ್ಯಾನ್ 20 ಮತ್ತು 30, ಎರಡಕ್ಕೂ ಬೇರೆ ಬೇರೆ ಸಬ್‌ನೆಟ್, ಗೇಟ್‌ವೇ (ಬೇರೆ ನೆಟ್‌ವರ್ಕ್‌ಗೆ ಹೋಗುವ ಬಾಗಿಲು) ಕೊಡಲೇಬೇಡಿ. ಆಮೇಲೆ ಸ್ವಿಚ್ಚಿನ ಎಂಟಿಯು 9216 ಮಾಡಿ, ಸೇವ್ ಮಾಡಿ. ಕೆಲವು ಮಾಡೆಲ್‌ಗಳಲ್ಲಿ ಸ್ವಿಚ್ ರೀಸ್ಟಾರ್ಟ್ ಆಗುವವರೆಗೂ ಇದು ಜಾರಿಗೆ ಬರುವುದಿಲ್ಲ, ಇಲ್ಲೇ ಜಾಸ್ತಿ ಜನ ಎಡವುವುದು. ಸ್ವಿಚ್ ಆದ ಮೇಲಷ್ಟೇ ಸ್ಟೋರೇಜ್‌ಗೆ 9000, ಕೊನೆಗೆ ಸರ್ವರ್‌ಗೆ 9000.

ಸುಮ್ನೆ ಪಿಂಗ್ ಮಾಡಿದರೆ ಏನೂ ಗೊತ್ತಾಗುವುದಿಲ್ಲ, ಅದರ ಪ್ಯಾಕೆಟ್ ಚಿಕ್ಕದು ಅಲ್ವಾ. ಸೈಜ್ 8972 ಕೊಟ್ಟು (ಹೆಡರ್‌ಗೆ 28 ಬೈಟ್ ಬೇಕು), ತುಂಡು ಮಾಡಬೇಡ ಅನ್ನುವ ಆಯ್ಕೆ ಹಾಕಿ, ಎರಡೂ ಡೇಟಾ ದಾರಿಯಿಂದ ಪ್ರತ್ಯೇಕವಾಗಿ ಪಿಂಗ್ ಮಾಡಿ. ಉತ್ತರ ಬಂದರೆ ಕಾಪಿ ಶುರು ಮಾಡಬಹುದು.