ನೋವಿರಲಿಲ್ಲ, ಆದರೂ ತಪಾಸಣೆಗೆ ಹೋದೆ

ನನಗೆ ಆಗ 43 ವರ್ಷ. ತಿಂಗಳು ತಿಂಗಳು ಮುಟ್ಟು ಸರಿಯಾಗಿ ಆಗುತ್ತಿತ್ತು. ಹೊಟ್ಟೆನೋವಿಲ್ಲ, ಬಿಳಿಸೆರಗಿಲ್ಲ. ಆದರೂ ಗರ್ಭಕೋಶದ ಬಾಯಿಯ ತಪಾಸಣೆ ಮಾಡಿಸಿದೆ.

ಅದಕ್ಕೆ ಕಾರಣ ನನ್ನ ಜೊತೆ ಕೆಲಸ ಮಾಡುತ್ತಿದ್ದ ಅಕ್ಕ. ಅವರಿಗೆ ಮುಟ್ಟು ನಿಂತು ಮೂರು ವರ್ಷವಾಗಿತ್ತು. ಒಂದು ದಿನ ಸ್ವಲ್ಪ ರಕ್ತ ಕಾಣಿಸಿತು. 'ಈ ವಯಸ್ಸಿಗೆ ಹೀಗೆಲ್ಲ ಆಗುತ್ತೆ' ಎಂದು ಎಂಟು ತಿಂಗಳು ಸುಮ್ನಿದ್ದರು. ನೋವಿರಲಿಲ್ಲವಲ್ಲ, ಅದಕ್ಕೇ. ಡಾಕ್ಟರ್ ಹತ್ತಿರ ಹೋಗುವ ಹೊತ್ತಿಗೆ ಕ್ಯಾನ್ಸರ್ ಗರ್ಭಕೋಶದ ಬಾಯಿ ದಾಟಿ ಹಬ್ಬಿತ್ತು. ಮುಟ್ಟು ನಿಂತ ಮೇಲೆ ರಕ್ತ, ಎರಡು ಮುಟ್ಟಿನ ನಡುವೆ ರಕ್ತ, ಗಂಡ ಹೆಂಡತಿ ಸೇರಿದ ಮೇಲೆ ರಕ್ತ, ಕೆಟ್ಟ ವಾಸನೆಯ ಸ್ರಾವ. ಇವುಗಳಲ್ಲಿ ಯಾವುದು ಕಂಡರೂ ಕಾಯಬಾರದು ಎಂದು ನಾನು ಕಲಿತದ್ದು ಅವರ ಹಾಸಿಗೆಯ ಪಕ್ಕ ಕೂತು.

ಮೊದಲು ಫೋನ್ ಮಾಡಿದ ಕಡೆ 'ಏನು ತೊಂದರೆ?' ಎಂದು ಕೇಳಿದರು. ಏನೂ ಇಲ್ಲ ಎಂದೆ. 'ಮತ್ತೆ ಯಾಕೆ ಬರ್ತೀರಿ?' ಎಂದರು. ನನಗೆ ಬೇಜಾರಾಯಿತು. ತೊಂದರೆ ಶುರುವಾಗುವ ಮೊದಲು ಮಾಡಿಸುವುದೇ ತಪಾಸಣೆ ಅಲ್ವಾ? ಮುಂದಿನ ಕಡೆ ಟೆಸ್ಟ್‌ನ ಹೆಸರನ್ನೇ ಹೇಳಿದೆ: 'ನನಗೆ 43 ವರ್ಷ, ಎಚ್‌ಪಿವಿ ಟೆಸ್ಟ್ ಮಾಡಿಸಬೇಕು.' ಮರುಮಾತಿಲ್ಲದೆ ದಿನ ಕೊಟ್ಟರು. ಎಚ್‌ಪಿವಿ ಎಂದರೆ ಗರ್ಭಕೋಶದ ಬಾಯಿಯ ಕ್ಯಾನ್ಸರ್ ತರಬಲ್ಲ ವೈರಸ್, ಅದು ಇದೆಯಾ ಎಂದು ನೋಡುವ ಟೆಸ್ಟ್ ಇದು. 30 ದಾಟಿದ ಹೆಂಗಸರು 5ರಿಂದ 10 ವರ್ಷಕ್ಕೊಮ್ಮೆ ಈ ಟೆಸ್ಟ್ ಮಾಡಿಸಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಎಚ್‌ಐವಿ ಇರುವವರು 25ಕ್ಕೇ ಶುರು ಮಾಡಬೇಕು, 3ರಿಂದ 5 ವರ್ಷಕ್ಕೊಮ್ಮೆ.

ಟೆಸ್ಟ್ ನಾನು ಹೆದರಿದಷ್ಟು ಇರಲಿಲ್ಲ. ನರ್ಸ್ ಒಂದು ಮೆತ್ತನೆಯ ಸಣ್ಣ ಬ್ರಷ್ ಕೊಟ್ಟು, ಪರದೆಯ ಹಿಂದೆ ನಾನೇ ಮಾದರಿ ತೆಗೆದುಕೊಳ್ಳಬಹುದು ಎಂದರು. ಯೋನಿಯೊಳಗೆ ಇಟ್ಟು ನಿಧಾನ ತಿರುಗಿಸಿದೆ, ಡಬ್ಬಿಗೆ ಹಾಕಿ ಕೊಟ್ಟೆ. ಎರಡು ನಿಮಿಷದ ಕೆಲಸ. ಬಟ್ಟೆ ಬಿಚ್ಚಿ ಮಲಗಬೇಕಲ್ಲ ಎಂಬ ಸಂಕೋಚದಿಂದ ಎಷ್ಟು ವರ್ಷ ಕಳೆದಿದ್ದೆ!

ವಾರದ ಮೇಲೆ ಫಲಿತಾಂಶ ಬಂತು. ಎಚ್‌ಪಿವಿ 16 ಪಾಸಿಟಿವ್. ಅಂದರೆ ಆ ವೈರಸ್‌ನ ಹೆಚ್ಚು ಅಪಾಯದ ಒಂದು ಬಗೆ ನನ್ನಲ್ಲಿತ್ತು.

ನಾಲ್ಕು ದಿನ ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಕ್ಯಾನ್ಸರ್ ಭಯಕ್ಕಿಂತ ನಾಚಿಕೆಯೇ ಜಾಸ್ತಿ ಇತ್ತು. ಈ ವೈರಸ್ ಲೈಂಗಿಕ ಸಂಪರ್ಕದಿಂದ ಹರಡುತ್ತದೆ ಎಂದು ಓದಿದ್ದೆ. ಯಾರಿಂದ ಬಂತು, ಗಂಡ ಏನೆಂದುಕೊಳ್ಳುತ್ತಾರೆ, ಇದೇ ಯೋಚನೆ. ಐದನೇ ದಿನ ನರ್ಸ್‌ಗೆ ಫೋನ್ ಮಾಡಿ ಅತ್ತುಬಿಟ್ಟೆ. ಅವರು ಹೇಳಿದ್ದು ಇಷ್ಟು. ದಾಂಪತ್ಯದಲ್ಲಿರುವ ಬಹಳಷ್ಟು ಜನರಿಗೆ ಜೀವನದಲ್ಲಿ ಒಮ್ಮೆಯಾದರೂ ಈ ವೈರಸ್ ತಗಲಿರುತ್ತದೆ. ಹೆಚ್ಚಿನವರಲ್ಲಿ ಒಂದೆರಡು ವರ್ಷದಲ್ಲಿ ತಾನಾಗಿಯೇ ಹೋಗುತ್ತದೆ. ಕೆಲವರಲ್ಲಿ ವರ್ಷಗಟ್ಟಲೆ ಸದ್ದಿಲ್ಲದೆ ಉಳಿಯುತ್ತದೆ. ಯಾವಾಗ ಬಂತು, ಯಾರಿಂದ ಬಂತು ಎಂದು ಟೆಸ್ಟ್ ನೋಡಿ ಹೇಳಲು ಆಗುವುದಿಲ್ಲ. ಪಾಸಿಟಿವ್ ಎಂದರೆ ಕ್ಯಾನ್ಸರ್ ಅಲ್ಲ. ಸಾಮಾನ್ಯವಾಗಿ ವೈರಸ್ ಉಳಿದು ಕ್ಯಾನ್ಸರ್ ಆಗಲು 15ರಿಂದ 20 ವರ್ಷ ಬೇಕು, ತಪಾಸಣೆಗೆ ಸಿಗುವ ಸಮಯವೇ ಅದು. ಈ ಮಾತುಗಳನ್ನು ಕಾಗದದಲ್ಲಿ ಬರೆದುಕೊಂಡೆ. ಅದೇ ರಾತ್ರಿ ಆ ಕಾಗದ ಹಿಡಿದೇ ಗಂಡನಿಗೆ ಹೇಳಿದೆ. 'ನಾನೂ ಜೊತೆಗೆ ಬರ್ತೀನಿ' ಎಂದರು, ಬೇರೇನೂ ಕೇಳಲಿಲ್ಲ.

ಮುಂದೆ ಕಾಲ್ಪೊಸ್ಕೋಪಿ. ಗರ್ಭಕೋಶದ ಬಾಯಿಗೆ ವಿನೆಗರ್‌ನಂತಹ ದ್ರವ ಹಚ್ಚಿ ದೊಡ್ಡದಾಗಿ ತೋರಿಸುವ ಯಂತ್ರದಲ್ಲಿ ನೋಡಿದರು. ಕೆಟ್ಟಿರುವ ಜೀವಕೋಶಗಳ ಜಾಗ ಬೆಳ್ಳಗೆ ಕಾಣುತ್ತದೆ. ಅಲ್ಲಿಂದ ಪರೀಕ್ಷೆಗೆ ಚೂರು ತೆಗೆದರು, ಚಿವುಟಿದ ಹಾಗಾಯಿತು. ಇದಕ್ಕೆ ಬಯಾಪ್ಸಿ ಎನ್ನುತ್ತಾರೆ. ಸಿಐಎನ್ 3 ಎಂದು ಬಂತು. ಅಂದರೆ ಕ್ಯಾನ್ಸರ್ ಇನ್ನೂ ಆಗಿಲ್ಲ, ಬಿಟ್ಟರೆ ಆಗಬಹುದು. ಆ ಜಾಗಕ್ಕಷ್ಟೇ ಮರಗಟ್ಟಿಸುವ ಚುಚ್ಚುಮದ್ದು ಕೊಟ್ಟು, ಕರೆಂಟ್ ಹರಿಯುವ ತೆಳು ತಂತಿಯ ಕುಣಿಕೆಯಿಂದ ಕೆಟ್ಟ ಭಾಗವನ್ನು ತೆಗೆದರು. ಲೀಪ್ ಎನ್ನುತ್ತಾರೆ. ಅದೇ ದಿನ ಮನೆಗೆ ಬಂದೆ. ಕೆಲವು ವಾರ ನೀರಿನಂತಹ ಸ್ರಾವ ಇತ್ತು.

ಲೀಪ್‌ಗೂ ಮೊದಲು, ಬಯಾಪ್ಸಿ ಉತ್ತರಕ್ಕೆ ಕಾದ ಹತ್ತು ದಿನ ಮಾತ್ರ ತುಂಬ ಕಷ್ಟದ್ದು. ಆಗ ನನ್ನನ್ನು ಉಳಿಸಿದ್ದು ಒಂದು ಪ್ರಶ್ನೆ. 'ಇಲ್ಲಿ ಮಾತಾಡಲು ಯಾರಾದರೂ ಇದ್ದಾರಾ?' ಎಂದು ಕೌಂಟರ್‌ನಲ್ಲಿ ಕೇಳಿದೆ. ಆಸ್ಪತ್ರೆಯಲ್ಲೇ ಸಮಾಜ ಕಾರ್ಯಕರ್ತೆ ಇದ್ದರು. ಆವರೆಗೆ ಯಾರೂ ಹೇಳಿರಲಿಲ್ಲ. ಖರ್ಚಿಗೆ ಯಾವ ನೆರವು ಸಿಗುತ್ತದೆ, ರಜೆಗೆ ಯಾವ ಕಾಗದ ಬೇಕು ಎಂದೆಲ್ಲ ತಿಳಿಸಿದರು. ಇದೇ ದಾರಿ ದಾಟಿದ ಹೆಂಗಸರ ಗುಂಪಿಗೂ ಸೇರಿಸಿದರು. ಅಲ್ಲಿ ಒಬ್ಬರು ತಮ್ಮ ಬಯಾಪ್ಸಿ ದಿನದ ಕಥೆ ಹೇಳಿದಾಗ ಮೊದಲ ಸಲ ನಿರಾಳವಾಗಿ ಉಸಿರಾಡಿದೆ. ಆಮೇಲೆ ರೇಡಿಯೇಷನ್‌ಗೆ ಹೋಗುತ್ತಿದ್ದ ಅಕ್ಕನನ್ನೂ ಅಲ್ಲಿಗೆ ಕರೆದುಕೊಂಡು ಹೋದೆ.

ಹನ್ನೆರಡು ತಿಂಗಳ ಮೇಲೆ ಮತ್ತೆ ಎಚ್‌ಪಿವಿ ಟೆಸ್ಟ್ ಆಯಿತು. ನೆಗೆಟಿವ್. ಅಷ್ಟಕ್ಕೇ ಬಿಡುವಂತಿಲ್ಲ, ಮುಂದಿನ ಟೆಸ್ಟ್‌ನ ದಿನವನ್ನು ಬರೆದಿಟ್ಟಿದ್ದೇನೆ.

ಮೊನ್ನೆ ತಂಗಿ ಫೋನ್ ಮಾಡಿದ್ದಳು. ಅವಳಿಗೆ 38. ತಪಾಸಣೆಗೆ ದಿನ ಗೊತ್ತು ಮಾಡಿಕೊಂಡಿದ್ದಳಂತೆ, ಅಷ್ಟರಲ್ಲಿ ಮುಟ್ಟಾಗಿದೆ, ಹೋಗಲಾ ಬೇಡವಾ ಎಂದು ಕೇಳಿದಳು. ಮುಟ್ಟು ನಿಲ್ಲಲಿ, ಈಗಲೇ ಫೋನ್ ಮಾಡಿ ಮುಂದಿನ ವಾರಕ್ಕೆ ದಿನ ಬದಲಿಸಿಕೋ ಎಂದೆ. ಆ ದಿನ ನಾನೂ ಅವಳ ಜೊತೆ ಹೋಗುತ್ತೇನೆ.